ಒಂದು ಮನವಿಗೆ ಒಂದೇ ಇಲಾಖೆ

ನಾನು ಏನು ಕೆಲಸ ಮಾಡುತ್ತೇನೆಂಬುದು ನಮ್ಮ ಓಣಿಯವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ವಿಜಯಪುರದ ಗಾಂಧಿ ಚೌಕದ ಹಿಂದೆ ನಮ್ಮ ಅಬ್ಬಾನ ಬಳೆ ಅಂಗಡಿ ಇತ್ತು. ಬಳೆ ಇಡಿಸಿಕೊಳ್ಳಲು ಬಂದವರು "ನಿಮ್ಮ ಹಸೀನಾ ಎಲ್ಲಿ ನೌಕರಿ ಮಾಡ್ತಾಳ್ರಿ?" ಎಂದು ಕೇಳಿದರೆ ಅಬ್ಬಾ ತಲೆ ಎತ್ತದೆ "ಅರ್ಜಿ ಬರೀತಾಳ" ಎನ್ನುತ್ತಿದ್ದ. ಅದನ್ನು ನಂಬಿ ಪಡಿತರ ಚೀಟಿ ಕಳೆದುಕೊಂಡವರು, ಪಿಂಚಣಿ ನಿಂತವರು ನೆಟ್ಟಗೆ ಮನೆಗೇ ಬರುತ್ತಿದ್ದರು. ಅವರಿಗೂ ಬರೆದುಕೊಟ್ಟಿದ್ದೇನೆ. ಅಬ್ಬಾ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಮಕ್ಕಳ ಆರೋಗ್ಯ, ಶಿಕ್ಷಣ, ಪಾಲನೆಯ ವಿಷಯದಲ್ಲಿ ಸರ್ಕಾರ ಮಾಡಬೇಕಾದದ್ದನ್ನು ಮಾಡುವವರೆಗೆ ಬೆನ್ನು ಬಿಡದ ಒಂದು ರಾಜ್ಯಮಟ್ಟದ ಒಕ್ಕೂಟದಲ್ಲಿ ನಾನು ಈ ಜಿಲ್ಲೆಯ ಸಂಯೋಜಕಿಯಾಗಿದ್ದೆ. ನಾವು ಪುಸ್ತಕ ಹಂಚುತ್ತಿರಲಿಲ್ಲ, ಔಷಧ ಕೊಡುತ್ತಿರಲಿಲ್ಲ. ಕೇಳುವುದೇ ನಮ್ಮ ಕೆಲಸ. ತಾಲೂಕಿನಲ್ಲಿ ಕೇಳುವುದು, ಜಿಲ್ಲೆಯಲ್ಲಿ ಕೇಳುವುದು, ಅಲ್ಲೂ ಆಗದಿದ್ದರೆ ಬೆಂಗಳೂರಿನ ತನಕ ಹೋಗಿ ಕೇಳುವುದು. ಕೇಳಿದ್ದು ಕೆಲವೊಮ್ಮೆ ಸಿಗುತ್ತದೆ. ಆದರೆ ಕೇಳಿದ್ದಷ್ಟೇ ಸಿಗುತ್ತದೆ. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಇಡೀ ನೌಕರಿಯೇ ಬೇಕಾಯಿತು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಅದು ಸ್ವಲ್ಪ ಬೇಗ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ ಹೊಸತರಲ್ಲಿ ಮನವಿ ಎಂದರೆ ಕಾರ್ಬನ್ ಹಾಳೆ, ಟೈಪಿಂಗ್ ಅಂಗಡಿ, ಸಾಹೇಬರ ಕೋಣೆಯ ಹೊರಗಿನ ಬೆಂಚು. ಮಕ್ಕಳಿಂದ ಪೋಸ್ಟ್‌ಕಾರ್ಡು ಬರೆಸಿ ಮಂತ್ರಿಗಳಿಗೆ ಕಳಿಸುತ್ತಿದ್ದೆವು. ಆಮೇಲೆ ಜಾಥಾ ಬಂತು, ಸಾರ್ವಜನಿಕ ಅಹವಾಲು ಬಂತು. ಈಗ ಎಲ್ಲವೂ ಮೊಬೈಲಿನಲ್ಲಿ. ಕಳಿಸಿದ ಸಂದೇಶದ ಕೆಳಗೆ ಎರಡು ನೀಲಿ ಟಿಕ್ ಬಿದ್ದರೆ ಮನವಿ ಮುಟ್ಟಿತು ಎಂದು ನಮ್ಮ ಹುಡುಗರು ಚಹಾ ಕುಡಿಯಲು ಏಳುತ್ತಾರೆ. ನಾನು ಅವರಿಗೆ, "ಮುಟ್ಟೂದು ಬ್ಯಾರೆ, ತಟ್ಟೂದು ಬ್ಯಾರೆ. ಎದ್ದು ಹೋಗ್ರಿ, ಮುಖ ತೋರಿಸಿ ಬರ್ರಿ" ಎಂದು ರೇಗುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಇರುತ್ತಿತ್ತು, ನಿಜ.

ಬಬಲೇಶ್ವರದ ಕಡೆಯ ಒಂದು ಹಳ್ಳಿಯ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಬೇಕೆಂದು ನಾವು ಬಹಳ ಓಡಾಡಿದ್ದೆವು. ಕೊನೆಗೆ ಕಟ್ಟಿಸಿದರು. ಟೈಲ್ಸ್ ನೆಲ, ಗುಲಾಬಿ ಬಣ್ಣದ ಗೋಡೆ. ಉದ್ಘಾಟನೆಗೆ ನನ್ನನ್ನೂ ಕರೆದು ಶಾಲು ಹೊದಿಸಿದರು. ಮುಂದಿನ ವರ್ಷ ಅದೇ ಊರಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯಿತು. ಪಂಚಾಯಿತಿಯವರ ಮುಂದೆ ಮಕ್ಕಳೇ ಎದ್ದು ನಿಂತು ತಮ್ಮ ಬೇಡಿಕೆ ಹೇಳುವ ಸಭೆ ಅದು. ಒಬ್ಬ ಹುಡುಗಿ ಎದ್ದು, "ನಮಗ ಸಂಡಾಸದ ಚಾವಿ ಕೊಡಸ್ರಿ" ಎಂದಳು. ಹೊಲಸಾಗಬಾರದೆಂದು ಅದಕ್ಕೆ ಕೀಲಿ ಹಾಕಿ ಇಟ್ಟಿದ್ದರು. ತಪಾಸಣೆಗೆ ಸಾಹೇಬರು ಬಂದಾಗ ಮಾತ್ರ ತೆಗೆಯುವುದು. ಹುಡುಗಿಯರು ಮೊದಲಿನಂತೆ ಜಾಲಿಕಂಟಿಯ ಮರೆಗೇ ಹೋಗುತ್ತಿದ್ದರು. ಸಭೆ ನಕ್ಕಿತು, ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಆ ನಗುವಿನ ಬಗ್ಗೆ ನಾಚಿಕೆಯಾಯಿತು. ನಮ್ಮ ಮನವಿಯಲ್ಲಿ ಶೌಚಾಲಯ ಕಟ್ಟಿಸಬೇಕು ಎಂದಿತ್ತು. ತೆರೆದಿಡಬೇಕು ಎಂದು ಯಾರೂ ಬರೆದಿರಲಿಲ್ಲ.

ನಮ್ಮ ರಾಜ್ಯ ಸಂಚಾಲಕಿ ವಸುಧಾ ಮೇಡಂ ಬೆಂಗಳೂರಿನಲ್ಲಿದ್ದರು. ಮಾತು ಕಡಿಮೆ, ಕೆಂಪು ಪೆನ್ನು ಹೆಚ್ಚು. ನಾನು ನಾಲ್ಕು ಪುಟ ಬರೆದು ಕಳಿಸಿದರೆ ಅದು ಒಂದು ಪುಟವಾಗಿ ಹಿಂದಕ್ಕೆ ಬರುತ್ತಿತ್ತು. ನಾನು ಅವರಿಗೆ ಹೆದರುತ್ತಿದ್ದೆ, ಅವರ ಮೇಲೆ ಗೊಣಗುತ್ತಿದ್ದೆ, ಅವರಂತಾಗಬೇಕೆಂದು ಆಸೆಯನ್ನೂ ಪಡುತ್ತಿದ್ದೆ. ಅವರದೊಂದು ನಿಯಮವಿತ್ತು: ಒಂದು ಮನವಿಗೆ ಒಂದೇ ಇಲಾಖೆ. "ಒಂದೇ ಕಾಗದದಲ್ಲಿ ಎರಡು ಇಲಾಖೆ ಹೆಸರು ಬಂತೋ, ಆ ಕಾಗದ ಯಾರ ಮಗುವೂ ಅಲ್ಲ ಹಸೀನಾ" ಎನ್ನುತ್ತಿದ್ದರು. ಪೆಟ್ಟು ತಿಂದೇ ಅವರು ಅದನ್ನು ಕಲಿತಿದ್ದರು. ಹಿಂದೊಮ್ಮೆ ಶಾಲೆಯ ಮಕ್ಕಳ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡಿ ಎಂದು ಒಕ್ಕೂಟ ಕೇಳಿತ್ತು. ಆರೋಗ್ಯದವರು ಶಿಕ್ಷಣದವರ ಕಡೆ ಕೈ ತೋರಿಸಿದರು, ಶಿಕ್ಷಣದವರು ಆರೋಗ್ಯದವರ ಕಡೆ. ಕಡತ ಅತ್ತಿಂದಿತ್ತ ತಿರುಗುವಷ್ಟರಲ್ಲಿ ಆ ಮಕ್ಕಳು ಶಾಲೆಯನ್ನೇ ಮುಗಿಸಿ ಹೋದರು. ಹಾಗಾಗಿ ಮೇಡಂ ಹೇಳಿದ್ದನ್ನು ನಾವೆಲ್ಲ ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದೆವು.

ಈ ನಿಯಮ ಏನು ಮಾಡಬಲ್ಲದೆಂದು ನನಗೆ ತಿಳಿದದ್ದು ತಿಕೋಟಾ ತಾಲೂಕಿನ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ನನ್ನನ್ನು ನಂಬಿ ಮಾತಾಡಿದ್ದಾರೆ, ಮತ್ತು ಅವರು ಅಲ್ಲೇ ದುಡಿದು ಬದುಕಬೇಕು.

ಆ ಸೀಮೆಯಲ್ಲಿ ಎತ್ತ ನೋಡಿದರೂ ದ್ರಾಕ್ಷಿ ಪಡ, ಎಂದರೆ ದ್ರಾಕ್ಷಿ ತೋಟ. ಹಣ್ಣು ಬಂದಾಗ ಬಿಸಿಲೇರುವ ಮೊದಲೇ ಗೊನೆ ಕತ್ತರಿಸಬೇಕು. ಹೆಣ್ಣಾಳುಗಳನ್ನು ಒಯ್ಯುವ ಟಂಟಂ ರಿಕ್ಷಾ ಬೆಳಿಗ್ಗೆ ಆರಕ್ಕೇ ಊರ ಅಗಸಿಬಾಗಿಲಿಗೆ ಬಂದು ನಿಲ್ಲುತ್ತದೆ. ಮೊಲೆ ಕುಡಿಯುವ ಕೂಸಿದ್ದವಳು ಆ ಕೂಸನ್ನು ಯಾರ ಕೈಗೆ ಕೊಡಬೇಕು? ಅಂಗನವಾಡಿ ತೆರೆಯುವುದು ಹೊತ್ತೇರಿದ ಮೇಲೆ, ಅಷ್ಟು ಎಳೆಯ ಕೂಸನ್ನು ಅಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಮನೆಯಲ್ಲಿ ಹತ್ತು ಹನ್ನೊಂದರ ಹುಡುಗಿ ಇದ್ದರೆ ಆಕೆಯ ಕೈಗೆ. ಅಂಥವಳು ಇಲ್ಲದ ಮನೆಯವರು ತವರಿನಿಂದ ಒಬ್ಬ ಸೋದರ ಸೊಸೆಯನ್ನು ಕರೆಸಿ ಇಟ್ಟುಕೊಳ್ಳುತ್ತಿದ್ದರು. ಇದನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ. "ಹುಡುಗಿ ಮನ್ಯಾಗ ಐತಿ" ಎನ್ನುತ್ತಿದ್ದರು, ಅಷ್ಟೇ.

ರೇಣುಕಾಳನ್ನು ನಾನು ಮೊದಲು ನೋಡಿದ್ದು ಆ ಊರಿನ ಶಾಲೆಯ ಕಿಟಕಿಯ ಹೊರಗೆ. ಆರನೆಯ ತರಗತಿಯ ಹುಡುಗಿ. ಕಂಕುಳಲ್ಲಿ ಅವಳ ತಮ್ಮ ಮುತ್ತು, ಇನ್ನೂ ಕೂಡಲೂ ಬಾರದ ಕೂಸು. ಒಳಗೆ ಲೆಕ್ಕ ನಡೆದಿತ್ತು. ಈಕೆ ಹೊರಗೆ ನಿಂತು ಕೂಸನ್ನು ತೂಗುತ್ತ, ಒಳಗಿನವರು ಉತ್ತರ ಹೇಳುವ ಮೊದಲೇ ತಾನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು.

"ಒಳಗ್ಯಾಕ ಕೂತಿಲ್ಲ?" ಎಂದೆ.

"ಇಂವ ಅಳ್ತಾನ್ರಿ ಅಕ್ಕೋರ. ಇಂವ ಅತ್ರ ಪಾಠ ಯಾರಿಗೂ ಕೇಳೂದಿಲ್ರಿ. ಸುಮ್ಮ ಆದ್ಮ್ಯಾಲ ಬಾ ಅಂದಾರ ಸರ್."

ಮಾಸ್ತರರು ಕೆಟ್ಟವರಲ್ಲ. ಒಂದೇ ಕೋಣೆಯಲ್ಲಿ ಎರಡು ತರಗತಿ, ನಡುವೆ ಅಳುವ ಕೂಸು. ಅವರಾದರೂ ಏನು ಮಾಡಿಯಾರು? ಮುಂದೆ ಕೆಲವು ವಾರ ಬಿಟ್ಟು ಹೋದಾಗ ರೇಣುಕಾ ಕಿಟಕಿಯ ಹೊರಗೂ ಇರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಕಸ್ತೂರೆವ್ವ ಆಗಷ್ಟೇ ಪಡದಿಂದ ಬಂದು ಕೈ ತೊಳೆಯುತ್ತಿದ್ದಳು. ನಾನು ಶಾಲೆಯ ಮಾತು ತೆಗೆದದ್ದೇ ತಡ, ಆಕೆಗೆ ರೇಗಿತು.

"ಸಾಲಿ ಬ್ಯಾಡ ಅಂದೀನೇನ್ರಿ ನಾ? ನಮ್ಮತ್ತಿ ಇದ್ದಾಗ ಒಂದಿನಾನೂ ಬಿಡಿಸಿದ್ದಿಲ್ಲ. ಆಕಿ ಹ್ವಾದ್ಳು. ಈಗ ಕೂಸು ಹಿಡಿಯಾಕ ಯಾರದಾರ? ನೀವು ಹಿಡೀತೀರೇನು? ಹಿಡೀರಿ, ನಾಳೆನ ಇಕಿನ್ನ ಸಾಲಿಗೆ ಕಳಸ್ತೀನಿ."

ರೇಣುಕಾ ಒಲೆಯ ಮುಂದೆ ಕುಳಿತು ಕೂಸಿಗೆ ಗಂಜಿ ಕುಡಿಸುತ್ತಿದ್ದಳು. ತಾಯಿಯ ಮಾತು ಮುಗಿದಾಗ ಆಕೆ ನನ್ನ ಮುಖ ನೋಡಿದಳು. ನಾನು ಹಿಡಿಯುತ್ತೇನೆಂದು ನಿಜವಾಗಿಯೂ ಒಂದು ಗಳಿಗೆ ನಂಬಿದ್ದಳೋ ಏನೋ. ಆ ನೋಟಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು, ಮನವಿ ಬರೆಯುವುದು.

ಬರೆದೆ. ಎರಡು ಬೇಡಿಕೆ. ಮೊದಲನೆಯದು, ದ್ರಾಕ್ಷಿ ಸೀಮೆಯ ಊರುಗಳಲ್ಲಿ ಬೆಳಿಗ್ಗೆ ಆರಕ್ಕೆ ತೆರೆಯುವ ಶಿಶುಪಾಲನಾ ಕೇಂದ್ರ ಬೇಕು. ಎರಡನೆಯದು, ಕೂಸು ನೋಡಿಕೊಳ್ಳಲೆಂದು ಶಾಲೆ ಬಿಟ್ಟ ಅಕ್ಕಂದಿರನ್ನು ಹುಡುಕಿ ಮತ್ತೆ ತರಗತಿಗೆ ಕೂರಿಸಬೇಕು, ತಪ್ಪಿದ ಪಾಠ ಹೇಳಿಕೊಡಬೇಕು. ಬೆಂಗಳೂರಿನಿಂದ ಕಾಗದ ಹಿಂದೆ ಬಂದಾಗ ಎರಡನೆಯ ಬೇಡಿಕೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ನಾನು ಫೋನ್ ಮಾಡಿದೆ.

"ಅದು ಶಿಕ್ಷಣ ಇಲಾಖೆದು ಹಸೀನಾ. ಇದು ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಹೋಗೋ ಕಾಗದ. ಎರಡೂ ಸೇರಿಸಿದ್ರೆ ಎರಡೂ ಹೋಗುತ್ತೆ."

"ಆ ಹುಡುಗಿ ಸಲುವಾಗೇ ಬರದದ್ದು ಮೇಡಂ ಇದನ್ನ."

"ಕೂಸಿಗೆ ಜಾಗ ಆದ್ರೆ ಹುಡುಗಿ ತಾನೇ ಶಾಲೆಗೆ ಹೋಗ್ತಾಳೆ. ಮೊದಲು ಒಂದು ಗೆಲ್ಲೋಣ. ಇನ್ನೊಂದು ಕಾಗದ ಆಮೇಲೆ ಕಳಿಸೋಣ."

ಆ ಮಾತು ಸರಿ ಎನಿಸಿತು. ಈಗಲೂ ಓದುವವರಿಗೆ ಸರಿ ಎನಿಸಬಹುದು. ಹೋರಾಟ ಮಾಡಿ ಪಳಗಿದವರೆಲ್ಲ ಹಾಗೆಯೇ ಯೋಚಿಸುತ್ತಾರೆ.

ಮುಂದಿನ ಕಥೆ ಓಡಾಟದ್ದು. "ಬೆಳಿಗ್ಗೆ ಆರಕ್ಕ ಯಾವ ಕಾರ್ಯಕರ್ತೆ ಬರ್ತಾಳ್ರಿ? ನಿಮ್ಮ ಮನಿಯವರು ಬರ್ತಾರೇನು?" ಎಂದು ಒಬ್ಬ ಅಧಿಕಾರಿ ಕೇಳಿದರು. ಅಂಗನವಾಡಿ ಕಾರ್ಯಕರ್ತೆಯರೂ ನನ್ನ ಮೇಲೆ ಸಿಟ್ಟಾದರು. ಇರುವ ಕೆಲಸಕ್ಕೇ ಸರಿಯಾದ ಗೌರವಧನವಿಲ್ಲ, ಮೇಲೆ ಇದೊಂದು ಹೇರುತ್ತೀರಾ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಪಂಚಾಯಿತಿಯೇ ಊರಿನ ಇಬ್ಬರು ಹೆಂಗಸರನ್ನು ಬೇರೆಯಾಗಿ ನೇಮಿಸಿಕೊಳ್ಳಲಿ ಎಂದು ತಿದ್ದಿ ಬರೆದೆವು. ಒಂದು ಚಳಿಗಾಲ ಬೆಳಗಾವಿಯ ಅಧಿವೇಶನಕ್ಕೆ ಹೋಗಿ, ಪಾಸಿಗಾಗಿ ಸಾಲಿನಲ್ಲಿ ನಿಂತು, ಶಾಸಕರ ಹಿಂದೆ ಹಿಂದೆ ತಿರುಗಿದೆವು. ಮುಂದಿನ ಚಳಿಗಾಲ ಮತ್ತೆ ಹೋದೆವು. ಯಾವುದೋ ದೂರದ ಜಿಲ್ಲೆಯ ಶಾಸಕರೊಬ್ಬರು ನಮ್ಮ ಕಾಗದ ಓದಿ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರು. ಅಂಥ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಲೇಬೇಕು. ಉತ್ತರ ಹೇಳಿದ ಮೇಲೆ ಇಲಾಖೆ ಅಲುಗಾಡಿತು. ಪ್ರಯೋಗಕ್ಕೆಂದು ಕೆಲವೇ ಊರುಗಳಿಗೆ ಆದೇಶ ಬಂತು. ಅದರಲ್ಲಿ ರೇಣುಕಾಳ ಊರೂ ಇತ್ತು.

ಆ ದಿನ ನಾನು ಗಾಂಧಿ ಚೌಕದಲ್ಲಿ ಪೇಡೆ ಕೊಂಡು ಕಚೇರಿಯವರಿಗೆಲ್ಲ ಹಂಚಿದೆ. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಒಂದಾದರೂ ಗೆದ್ದು ಮನೆಗೆ ಹೋಗುತ್ತಿದ್ದೇನೆ ಎಂಬ ಹಿಗ್ಗು.

ಆ ಊರಿನ ಕೇಂದ್ರದ ಉದ್ಘಾಟನೆಗೆ ಬಂದವರು ರಿಬ್ಬನ್ ಕತ್ತರಿಸಿದ್ದು ಹೊತ್ತೇರಿದ ಮೇಲೆ, ಭಾಷಣಕ್ಕೆ ಅನುಕೂಲವಾಗುವ ಹೊತ್ತಿನಲ್ಲಿ. ನನಗೆ ನೋಡಬೇಕಾಗಿದ್ದದ್ದು ಮರುದಿನದ ಬೆಳಗು. ಅಲ್ಲಿಯೇ ಉಳಿದು, ನಸುಕಿನಲ್ಲಿ ಎದ್ದು ಕೇಂದ್ರದ ಮುಂದೆ ನಿಂತೆ. ಹೆಣ್ಣುಮಕ್ಕಳು ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ನೇಮಕವಾಗಿದ್ದ ಇಬ್ಬರು ಹೆಂಗಸರು ಒಂದೊಂದೇ ಕೂಸನ್ನು ಇಸಿದುಕೊಂಡು ಚಾಪೆಯ ಮೇಲೆ ಮಲಗಿಸಿದರು. ಕೆಲವು ಅತ್ತವು, ಕೆಲವು ನಿದ್ದೆಯಲ್ಲೇ ಇದ್ದವು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ರೇಣುಕಾ ತಮ್ಮನನ್ನು ಕರೆದುಕೊಂಡು ಬಂದಳು. ಮುತ್ತು ಈಗ ನಡೆಯುತ್ತಿದ್ದ, ಮಾತಾಡುತ್ತಿದ್ದ. ಆಕೆಗೆ ಹದಿಮೂರು ತುಂಬಿತ್ತು. ಅವನನ್ನು ಒಳಗೆ ಬಿಟ್ಟು ಹೊರಬಂದು ತಲೆಗೆ ಅರಿವೆ ಬಿಗಿದುಕೊಂಡು ಅಗಸಿಯ ಕಡೆ ನಡೆದಳು. ಟಂಟಂ ನಿಂತಿತ್ತು.

"ಎಲ್ಲಿಗೆ ಹೊಂಟಿ?" ಎಂದೆ.

"ಪಡಕ್ಕರಿ. ಈಗ ಕೈ ಖಾಲಿ ಆದ್ವಲ್ರಿ ಅಕ್ಕೋರ."

ಟಂಟಂನಲ್ಲಿದ್ದ ಅವಳ ಗೆಳತಿ ಆಸ್ಮಾ ಕೈಚಾಚಿ ಅವಳನ್ನು ಮೇಲೆ ಎಳೆದುಕೊಂಡಳು. ಆಸ್ಮಾಳೂ ಅದೇ ಬೆಳಗ್ಗೆ ತನ್ನ ತಂಗಿಯನ್ನು ಕೇಂದ್ರಕ್ಕೆ ಬಿಟ್ಟಿದ್ದಳು. ಅಂಥ ಹುಡುಗಿಯರು ಇನ್ನೂ ಇದ್ದರು. ಎರಡು ವರ್ಷ ನಾವು ಹೊಡೆದಾಡಿ ಅವರ ಕಂಕುಳಿನಿಂದ ಕೂಸನ್ನು ಇಳಿಸಿದ್ದೆವು, ಮತ್ತು ಅವರು ದ್ರಾಕ್ಷಿ ಕತ್ತರಿ ಹಿಡಿಯಲು ಹೊರಟಿದ್ದರು. ನಾನೂ ಟಂಟಂ ಹತ್ತಿದೆ. ಡ್ರೈವರ್ ಏನೋ ಗೊಣಗಿದ, ನನ್ನ ಮುಖ ನೋಡಿ ಗಾಡಿ ಬಿಟ್ಟ.

ಪಡದಲ್ಲಿ ಕಸ್ತೂರೆವ್ವ ಕೆಲಸ ನಿಲ್ಲಿಸಲಿಲ್ಲ. ಗೊನೆ ಕತ್ತರಿಸಿ ಬುಟ್ಟಿಗೆ ಇಡುತ್ತಲೇ ಮಾತಾಡಿದಳು. ನಾನು ಬಳ್ಳಿಗಳ ಸಾಲಿನಲ್ಲಿ ತಲೆ ಬಗ್ಗಿಸಿಕೊಂಡು ಅವಳ ಹಿಂದೆ ನಡೆದೆ.

"ಕೂಸಿಗೆ ಜಾಗಾ ಆದ್ರ ಇಕಿನ್ನ ಸಾಲಿಗೆ ಕಳಸ್ತೀನಿ ಅಂದಿದ್ದಿ ಕಸ್ತೂರೆವ್ವ."

"ಅಂದಿದ್ನಿ. ಇಲ್ಲ ಅನ್ನೂದಿಲ್ಲ. ಕೇಂದ್ರ ಆಗತೈತಿ ಅಂತ ಗೊತ್ತಾದ ಕೂಡ್ಲೇ ಸಾಲಿಗೆ ಕೇಳಾಕ ಹೋಗಿದ್ನಿರಿ. ಹೆಸರು ತಗದ ಬಾಳ ದಿನ ಆತು, ಆರನೇದು ಮುಗಿಸಿಲ್ಲ, ಈಗ ಎಲ್ಲಿ ಕೂಡಸೂದು ಅಂದ್ರು. ಸಣ್ಣ ಹುಡುಗರ ಜೋಡಿ ಕೂಡಾಕ ಇಕಿ ಒಲ್ಲೆ ಅಂದ್ಳು. ಇಷ್ಟು ದೊಡ್ಡ ಹುಡುಗೀನ ಮನ್ಯಾಗ ಒಬ್ಬಾಕೀನ ಬಿಟ್ಟು ಬರ್ಲೇನು? ನೀವ ಹೇಳ್ರಿ." ಆಕೆ ಬುಟ್ಟಿಯನ್ನು ಮುಂದಕ್ಕೆ ಸರಿಸಿದಳು. "ನೀವು ಕೂಸಿನ ಸಲುವಾಗಿ ಬೆಳಗಾಂವ ತನಕ ಹೋದ್ರಿ. ದೇವರು ನಿಮ್ಮನ್ನ ಚಲೋ ಇಡ್ಲಿ. ಆದ್ರ ಇಕಿ ಮಾತು ಎಲ್ಲಿ ಆಡಿದ್ರಿ ಅಕ್ಕೋರ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಸಿಟ್ಟಾಗಿ ಏನಾದರೂ ಹೇಳುತ್ತಿದ್ದೆ. ಎರಡನೆಯ ಕಾಗದ ಹೋಗಿಯೇ ಇರಲಿಲ್ಲ. ಮೊದಲನೆಯದು ಗೆಲ್ಲುವ ಗಲಾಟೆಯಲ್ಲಿ ಅದು ಬೆಂಗಳೂರಿಗೂ ನೆನಪಾಗಲಿಲ್ಲ, ವಿಜಯಪುರಕ್ಕೂ ನೆನಪಾಗಲಿಲ್ಲ. ಕೂಸು ಒಂದು ಇಲಾಖೆಯದು, ಅಕ್ಕ ಇನ್ನೊಂದು ಇಲಾಖೆಯವಳು. ಒಂದೇ ಮನೆಯ, ಒಂದೇ ಕಂಕುಳಿನ ಸಂಗತಿಯನ್ನು ನಾವು ಕೂತಲ್ಲೇ ಎರಡಾಗಿ ಸೀಳಿದ್ದೆವು.

ಪಡದ ಬದುವಿನ ಮೇಲೆ ನಿಂತು ವಸುಧಾ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಆ ಗೆರೆ ಎಳೆದವಳು ನಾನು," ಎಂದರು. "ಇನ್ನೊಂದು ಮನವಿ ಬರಿ ಹಸೀನಾ. ಎರಡೂ ಇಲಾಖೆಗೆ ಸೇರಿಸಿ, ಒಂದೇ ಕಾಗದ."

"ಅದನ್ನ ನೀವು ಬರೀರಿ ಮೇಡಂ. ನಾನು ಸಾಲಿಗೆ ಹೋಗಿ ಬರ್ತೀನಿ."

ಅವರ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಬರೆದರು. ಆ ಕಾಗದ ಅವರೇ ಹೆದರಿದ್ದಂತೆ ಎರಡು ಕಚೇರಿಗಳ ನಡುವೆ ಇನ್ನೂ ತಿರುಗುತ್ತಿದೆ. ಹೊಸ ಹುಡುಗರು ಅದರ ಬೆನ್ನು ಹತ್ತಿದ್ದಾರೆ. ಬಿಡಬೇಡಿ ಎಂದು ವಾರಕ್ಕೊಮ್ಮೆ ಫೋನ್ ಮಾಡಿ ಅವರ ತಲೆ ತಿನ್ನುತ್ತೇನೆ.

ಶಾಲೆಯಲ್ಲಿ ಹೊಸ ಹೆಡ್‌ಮಾಸ್ತರರಿದ್ದರು. "ಆರನೇದೂ ಮುಗಿಸಿಲ್ಲ, ಎಂಟನೇದಕ್ಕ ಹ್ಯಾಂಗ ಕೂಡಸೂದ್ರಿ ಮೇಡಂ? ನಾಳೆ ಮ್ಯಾಲಿನವರು ನನ್ನ ಕೇಳ್ತಾರ" ಎಂದರು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ತಪ್ಪಿದ ಪಾಠ ಹೇಳಿಕೊಡಬೇಕೆಂಬುದು ಕಾನೂನು ಎಂದೆ. ಅವರಿಗೂ ಅದು ಗೊತ್ತಿತ್ತು, ಹೆದರಿಕೆ ಅಷ್ಟೇ. ಕಸ್ತೂರೆವ್ವಳ ಮನೆಗೂ ಶಾಲೆಗೂ ಅಡ್ಡಾಡಿ ನನ್ನ ಚಪ್ಪಲಿ ಸವೆಯಿತು. ರೇಣುಕಾಳ ಒಪ್ಪಿಗೆ ಪಡೆಯುವುದೂ ಸುಲಭವಿರಲಿಲ್ಲ. "ಎಲ್ಲಾ ಮರತೈತ್ರಿ. ನಗ್ತಾರ" ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಕಡೆಗೆ, ಸೀಜನ್ ಮುಗಿದ ಮೇಲೆ ನೋಡೋಣ ಎಂದು ತಾಯಿ ಮಗಳು ಇಬ್ಬರೂ ಅಂದರು. ಅಷ್ಟರಲ್ಲಿ ನನ್ನ ನೌಕರಿ ಮುಗಿಯಿತು. ಹಾರ, ಶಾಲು, ಭಾಷಣ ಎಲ್ಲ ಆದವು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದಾಗ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಊರಿಗೆ ಹೋದೆ. ಕಸ್ತೂರೆವ್ವ ಅಂದಿನ ಕೂಲಿ ಬಿಟ್ಟು ಮಗಳನ್ನು ತಾನೇ ಕರೆದುಕೊಂಡು ಬಂದಿದ್ದಳು. ಹೆಡ್‌ಮಾಸ್ತರರಿಗೆ, "ಹೊಡದ್ರೂ ಅಡ್ಡಿಯಿಲ್ರಿ, ಹೊರಗ ಕಳಸಬ್ಯಾಡ್ರಿ" ಎಂದಳು. ಅವರು ರೇಣುಕಾಳನ್ನು ಎಂಟನೆಯ ತರಗತಿಯಲ್ಲಿ ಕೂರಿಸಿದರು. ನಾನು ಹೊರಗೆ ಬೇವಿನ ಮರದ ಕೆಳಗೆ ಕುಳಿತು ಕಾದೆ. ಓಡಿ ಬಂದುಬಿಟ್ಟಾಳೆಂದು ನನಗೆ ಭಯವಿತ್ತು.

ಓಡಿ ಬರಲಿಲ್ಲ. ಊಟದ ಬಿಡುವಿನಲ್ಲಿ ತಟ್ಟೆ ತೊಳೆದುಕೊಂಡು ನನ್ನ ಹತ್ತಿರ ಬಂದಳು. ಹೇಗಾಯಿತು ಎಂದು ಕೇಳಿದೆ. "ಇಂಗ್ಲಿಷ್ ಏನೂ ತಿಳೀಲಿಲ್ರಿ. ಲೆಕ್ಕ ತಿಳೀತು" ಎಂದಳು. ಅವಳ ಮುಖದಲ್ಲಿ ಸಣ್ಣದೊಂದು ನಗು ಇತ್ತು. ನನಗೆ ಅಷ್ಟು ಸಾಕಾಗಿತ್ತು, ಅಲ್ಲಿಂದಲೇ ಎದ್ದು ಬಸ್ಸಿಗೆ ಹೋಗಬೇಕೆಂದಿದ್ದೆ.

ಅಷ್ಟರಲ್ಲಿ ಪಡದಿಂದ ಹೆಣ್ಣಾಳುಗಳನ್ನು ಹೊತ್ತ ಟಂಟಂ ಶಾಲೆಯ ಗೇಟಿನ ಮುಂದೆ ಹಾದುಹೋಯಿತು. ದ್ರಾಕ್ಷಿ ಬಳ್ಳಿ ಸವರುವ ಚಾಟಣಿ ಮುಗಿದ ಮೇಲೆ ಹೆಚ್ಚಿನ ಚಿಗುರು ತೆಗೆಯುವ ಕೆಲಸ ನಡೆದಿತ್ತು. ಹಿಂದಿನ ಸರಳು ಹಿಡಿದು ನಿಂತಿದ್ದ ಆಸ್ಮಾ ರೇಣುಕಾಳನ್ನು ಕಂಡು, "ಯವ್ವಾ, ಸಾಲಿ ಹುಡುಗಿ!" ಎಂದು ಕೂಗಿ ನಕ್ಕಳು. ರೇಣುಕಾ ಅರ್ಧ ಎತ್ತಿದ ಕೈಯನ್ನು ಇಳಿಸಿದಳು. ಟಂಟಂ ಓಣಿಯೊಳಗೆ ತಿರುಗಿ ಮರೆಯಾಗುವವರೆಗೆ ಅತ್ತಲೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಅಕ್ಕೋರ, ಆಸ್ಮಾನ್ನ ಯಾವಾಗ ಇಳಸ್ತೀರಿ?"

ನಾನು ನಿವೃತ್ತಳಾಗಿದ್ದೇನೆ ಎಂದು ಆಕೆಗೆ ಹೇಳದೆ, ಆಸ್ಮಾಳ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದೆ.